ಒಂದೇ ಟೇಕಡಿ, ಮೂರು ಮೈ

ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಮುಳಾ ಮತ್ತು ಮುಠಾ ನದಿಗಳು ಕೂಡುವ ತಗ್ಗಿನಲ್ಲಿ ಬೆಳೆದ ಪುಣೆ ನಗರದ ಒಡಲೊಳಗೇ ಹಲವು ಗುಡ್ಡಗಳಿದ್ದು, ಅವುಗಳನ್ನು ಮರಾಠಿಯಲ್ಲಿ ‘ಟೇಕಡಿ’ ಎಂದು ಕರೆಯುತ್ತಾರೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ, ಚತುಃಶೃಂಗಿ, ಪರ್ವತಿ, ತಳಜಾಯಿ ಮುಂತಾದ ಇವುಗಳಲ್ಲಿ ನಗರದ ಅತಿ ಎತ್ತರದ ತಾಣವೆನಿಸಿದ ವೇತಾಳ ಟೇಕಡಿಯ ನೆತ್ತಿ ಸುಮಾರು 800 ಮೀಟರ್ ಮಟ್ಟದಲ್ಲಿರುವುದರಿಂದ, ಊರಿನ ರಸ್ತೆಯಿಂದ ಅಲ್ಲಿಗೆ ಏರಬೇಕಾದ ಎತ್ತರ ಸುಮಾರು 240 ಮೀಟರ್. ತಂದೆ-ತಾಯಿ, ಆರು ವರ್ಷದ ಮಗು ಮತ್ತು ಮನೆಯ ನಾಯಿ ಒಟ್ಟಿಗೆ ಹತ್ತಿ ಇಳಿದು ಹೊತ್ತೇರುವ ಮೊದಲೇ ಮನೆ ಸೇರಲು ಇದು ಹದವಾದ ಎತ್ತರ. ಆದರೆ ಅಳತೆಯಲ್ಲಿ ಒಂದೇ ಆಗಿರುವ ಈ 240 ಮೀಟರು ಮೂರು ಬಗೆಯ ಮೈಗಳಿಗೆ ಮೂರು ಬೇರೆ ಗುಡ್ಡಗಳಾಗಿ ಎದುರಾಗುತ್ತದೆ. ಹೇಗೆ ಮತ್ತು ಏಕೆ ಎಂಬುದು ಈ ಅಧ್ಯಾಯದ ವಿಷಯ.

ಮೊದಲು ಗುಡ್ಡದ ರಚನೆಯನ್ನು ನೋಡಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಯುಗ ಮುಗಿಯುತ್ತಿದ್ದ ಕಾಲದಲ್ಲಿ, ನೆಲ ಬಿರಿದು ಹರಿದ ಲಾವಾ ಒಂದರ ಮೇಲೊಂದು ಪದರವಾಗಿ ಹೆಪ್ಪುಗಟ್ಟಿ ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ವಿಜಯಪುರ, ಬೀದರ, ಕಲಬುರಗಿ, ಬೆಳಗಾವಿಗಳ ಭಾಗಗಳನ್ನೂ ಮುಚ್ಚಿತು. ಈ ಶಿಲಾರಾಶಿಗೆ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರಿದೆ. ಟ್ರ್ಯಾಪ್ ಎಂಬ ಮಾತಿನ ಮೂಲ ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲು ಎಂಬ ಅರ್ಥ ಕೊಡುವ ‘ಟ್ರಾಪ್ಪಾ’ ಪದ. ಪ್ರತಿ ಲಾವಾ ಹರಿವಿನ ಗಟ್ಟಿಯಾದ ಭಾಗ ಸುಲಭವಾಗಿ ಸವೆಯದೆ ಕಡಿದಾದ ಗೋಡೆಯಂತೆ ನಿಲ್ಲುತ್ತದೆ, ಅನಿಲದ ಗುಳ್ಳೆಗಳಿಂದ ತೂತುತೂತಾಗಿ ಹೆಪ್ಪುಗಟ್ಟಿದ ಭಾಗ ಬೇಗ ಸವೆದು ಚಪ್ಪಟೆಯಾದ ಹಾಸಾಗುತ್ತದೆ. ಹೀಗಾಗಿ ಪುಣೆಯ ಟೇಕಡಿಯನ್ನು ದೂರದಿಂದ ನೋಡಿದರೆ ಅದು ದೈತ್ಯರ ಸೋಪಾನದಂತೆ ಕಾಣುತ್ತದೆ. ಜಂಗಲೀ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹಾಲಯವನ್ನು 8ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯ ಕಾಲದಲ್ಲಿ, ಇಂಥದೇ ಶಿಲೆಯಲ್ಲಿ ಕೊರೆಯಲಾಯಿತು. ಗುಡ್ಡ ಹತ್ತಲಾಗದ ಅಜ್ಜ-ಅಜ್ಜಿಯರು ಲಾವಾದ ಒಡಲನ್ನು ಒಳಗಿನಿಂದ ನೋಡಲು ಪುಣೆಯಲ್ಲಿ ಅದಕ್ಕಿಂತ ತಂಪಾದ ಜಾಗ ಬೇರೆ ಇರಲಾರದು.

ಮಕ್ಕಳೊಂದಿಗೆ ನಡೆಯುವವರಿಗೆ ಈ ಮೆಟ್ಟಿಲಿನ ರಚನೆ ಬಹಳ ಅನುಕೂಲದ್ದು. ಕಡಿದಾದ ಏರು ಹತ್ತಿಪ್ಪತ್ತು ನಿಮಿಷಕ್ಕೆ ಮುಗಿದು ಚಪ್ಪಟೆ ಹಾಸು ಎದುರಾಗುತ್ತದೆ, ಅಲ್ಲಿ ಕೂತು ನೀರು ಕುಡಿದು ಮುಂದಿನ ಮೆಟ್ಟಿಲಿಗೆ ಅಣಿಯಾಗಬಹುದು. ಆ ಹಾಸಿನ ಮೇಲೆ ಮಗು ಹೆಕ್ಕುವ ಕಪ್ಪು ಕಲ್ಲಿನಲ್ಲಿ ಬಿಳಿಯ ಚುಕ್ಕೆಗಳಿದ್ದರೆ ಅವು ಹೆಚ್ಚಾಗಿ ಜಿಯೋಲೈಟ್ ಎಂಬ ಖನಿಜದವು. ಲಾವಾದ ಗುಳ್ಳೆಗಳು ಬಿಟ್ಟುಹೋದ ತೂತುಗಳಲ್ಲಿ ಬಿಸಿನೀರು ಹರಿದು, ಅದರಲ್ಲಿ ಕರಗಿದ್ದ ಲವಣಗಳು ಹರಳುಗಟ್ಟಿ ಇವು ಹುಟ್ಟಿದವು. ಪುಣೆಗೆ ಹತ್ತಿಕೊಂಡ ವಾಘೋಲಿಯ ಕಲ್ಲುಕ್ವಾರಿಗಳು ಕಡುನೀಲಿಯ ಕ್ಯಾವನ್‌ಸೈಟ್ ಹರಳಿಗಾಗಿ ಜಗತ್ತಿನ ಖನಿಜ ಸಂಗ್ರಾಹಕರೆಲ್ಲರಿಗೂ ಪರಿಚಿತ, ಆದರೆ ಸ್ಫೋಟಕ ಸಿಡಿಸುವ ಕ್ವಾರಿ ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ.

ಇನ್ನು ನಡಿಗೆಯ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಮುಂದಿಟ್ಟ ಸೂತ್ರದ ಪ್ರಕಾರ ಸಮತಟ್ಟಿನ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ ಸೇರಿಸಿದರೆ ಗಟ್ಟಿಮುಟ್ಟಾದ ವಯಸ್ಕನ ಚಾರಣದ ಅವಧಿ ಸಿಗುತ್ತದೆ. ಪುಣೆಯ ಸಮೀಪದ ಸಿಂಹಗಡ ಕೋಟೆಗೆ ಆತಕರವಾಡಿಯಿಂದ ಹತ್ತುವ ಕಾಲುದಾರಿಗೆ ಇದನ್ನು ಅನ್ವಯಿಸಿದರೆ, ಮೂರು ಕಿಲೋಮೀಟರಿನೊಳಗಿನ ದಾರಿಗೆ ಅರ್ಧ ಗಂಟೆಗಿಂತ ತುಸು ಹೆಚ್ಚು, ಸುಮಾರು 600 ಮೀಟರ್ ಏರಿಗೆ ಒಂದು ಗಂಟೆ, ಒಟ್ಟು ಒಂದೂವರೆ ಗಂಟೆಯಾಗುತ್ತದೆ. ವೇತಾಳ ಟೇಕಡಿಯ ಏರಿಗೆ ಇದೇ ಲೆಕ್ಕದಲ್ಲಿ 24 ನಿಮಿಷ. ಈ ಸೂತ್ರ ಒಂದು ಶತಮಾನಕ್ಕೂ ಮೀರಿ ಬಳಕೆಯಲ್ಲಿದೆ, ಆದರೆ ಅದು ಮಕ್ಕಳನ್ನು ಕಂಡಿಲ್ಲ.

ಮಗುವಿನ ನಡಿಗೆಗೆ ಬೇರೊಂದು ಸೂತ್ರ ಬೇಕು, ಅದು ಬಂದದ್ದು ಹಡಗುಕಟ್ಟುವ ವಿದ್ಯೆಯಿಂದ. ವಿಲಿಯಂ ಫ್ರೌಡ್ ಎಂಬ 19ನೆಯ ಶತಮಾನದ ಇಂಗ್ಲಿಷ್ ಎಂಜಿನಿಯರ್ ಬೇರೆ ಬೇರೆ ಉದ್ದದ ಹಡಗುಗಳ ವೇಗವನ್ನು ಹೋಲಿಸಲು ರೂಪಿಸಿದ ಅನುಪಾತವನ್ನು, ಮುಂದೆ ಮೆಕ್‌ನೀಲ್ ಅಲೆಕ್ಸಾಂಡರ್ ಎಂಬ ಪ್ರಾಣಿವಿಜ್ಞಾನಿ ನಡೆಯುವ ಪ್ರಾಣಿಗಳಿಗೆ ಹೊಂದಿಸಿದರು. ವೇಗದ ವರ್ಗವನ್ನು ಕಾಲಿನ ಉದ್ದ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿದರೆ ಬರುವ ಈ ‘ಫ್ರೌಡ್ ಸಂಖ್ಯೆ’ ಸುಮಾರು 0.2 ಇದ್ದಾಗ ನಡಿಗೆ ಹಾಯಾಗಿರುತ್ತದೆ, 0.5ರ ಸುತ್ತಮುತ್ತ ಬಂದಾಗ ಕಾಲುಗಳು ನಡಿಗೆಯನ್ನು ಬಿಟ್ಟು ಓಟಕ್ಕೆ ಹೊರಳುತ್ತವೆ. ಕಾಲಿನ ಉದ್ದ 90 ಸೆಂಟಿಮೀಟರ್ ಇರುವ ವಯಸ್ಕನ ಹಾಯಾದ ವೇಗ ಗಂಟೆಗೆ 4.8 ಕಿಲೋಮೀಟರ್ ಆದರೆ, 50 ಸೆಂಟಿಮೀಟರ್ ಕಾಲಿನ ಆರು ವರ್ಷದ ಮಗುವಿನದು 3.6 ಕಿಲೋಮೀಟರ್. ಅಪ್ಪನ ಕೈ ಹಿಡಿದು ಅಪ್ಪನದೇ ವೇಗದಲ್ಲಿ ನಡೆಯುವ ಮಗುವಿನ ಫ್ರೌಡ್ ಸಂಖ್ಯೆ 0.36ಕ್ಕೆ ಏರುತ್ತದೆ, ಅಂದರೆ ಅಪ್ಪನಿಗೆ ಅಡ್ಡಾಟವಾಗಿರುವುದು ಮಗುವಿಗೆ ದಾಪುಗಾಲಿನ ಓಡುನಡಿಗೆ. “ಬೇಗ ಬೇಗ ಬಾ” ಎಂಬ ಮಾತಿಗೆ ಮಗು ನಾಲ್ಕು ಹೆಜ್ಜೆ ಓಡಿ ಮತ್ತೆ ಹಿಂದೆ ಬೀಳುವುದು ಹಟದಿಂದಲ್ಲ, ಕಾಲಿನ ಉದ್ದದಿಂದ.

ಆದರೂ ಅದೇ ಮಗು, ಕಾಲು ನೋಯುತ್ತದೆಂದು ಬಂಡೆಯ ಮೇಲೆ ಕೂತು ಎತ್ತಿಕೊಳ್ಳೆಂದು ಅಳುವ ಮಗು, ಐದು ನಿಮಿಷ ಕಳೆಯುವುದರೊಳಗೆ ಓತಿಕ್ಯಾತದ ಹಿಂದೆ ಓಡುವುದನ್ನು ಕಂಡು ದೊಡ್ಡವರು ಅದರ ಅಳುವನ್ನೇ ಸುಳ್ಳೆಂದು ಬಗೆಯುವುದುಂಟು. ಅಳುವೂ ನಿಜ, ಓಟವೂ ನಿಜ. ಫ್ರಾನ್ಸಿನ ಸೆಬಾಸ್ಟಿಯನ್ ರಾಟೆಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8ರಿಂದ 12 ವರ್ಷದ ಹುಡುಗರನ್ನು, ತರಬೇತಿಯಿಲ್ಲದ ವಯಸ್ಕರನ್ನು ಮತ್ತು ದೂರದ ಓಟ ಹಾಗೂ ಸೈಕ್ಲಿಂಗಿನಂಥ ಕ್ರೀಡೆಗಳಲ್ಲಿ ಪಳಗಿದವರನ್ನು ಒಂದೇ ಬಗೆಯ ಸೈಕಲ್ ಪರೀಕ್ಷೆಗೆ ಒಡ್ಡಿದಾಗ, ಹುಡುಗರ ಸ್ನಾಯುಗಳು ಆಮ್ಲಜನಕದ ನೆರವಿನಿಂದ ಶಕ್ತಿ ಪಡೆಯುವ ದಾರಿಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವುದೂ, ದಣಿವಿನಿಂದ ಚೇತರಿಸಿಕೊಳ್ಳುವುದರಲ್ಲಿ ಅವರು ಪಳಗಿದ ಕ್ರೀಡಾಪಟುಗಳಿಗೆ ಸರಿಸಾಟಿಯಾಗಿರುವುದೂ ಕಂಡುಬಂತು. ಆದ್ದರಿಂದ ಮಗುವಿನೊಂದಿಗಿನ ಚಾರಣದಲ್ಲಿ ಒಂದು ದೀರ್ಘ ವಿಶ್ರಾಂತಿಗಿಂತ ಎರಡು-ಮೂರು ನಿಮಿಷದ ಹತ್ತಾರು ನಿಲುಗಡೆಗಳು ಮೇಲು, ನೇಸ್ಮಿತ್ ಸೂತ್ರದ ಅವಧಿಯನ್ನು ದುಪ್ಪಟ್ಟು ಮಾಡಿಕೊಂಡು ಮನೆಯಿಂದ ಹೊರಟರೆ ಯಾರಿಗೂ ಅವಸರವಿರದು.

ಕಾಲಿಗಿಂತ ದೊಡ್ಡ ಪ್ರಶ್ನೆ ಕಾವಿನದು. ಸ್ನಾಯುಗಳು ಆಹಾರದಿಂದ ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಮೈಯನ್ನು ಮೇಲೆತ್ತುವ ಕೆಲಸಕ್ಕೆ ಬಳಸಿ, ಉಳಿದ ಮುಕ್ಕಾಲನ್ನು ಶಾಖವಾಗಿ ಮೈಯೊಳಗೇ ಬಿಡುತ್ತವೆ. ಒಂದು ಕಿಲೋ ತೂಕವನ್ನು 240 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 2.35 ಕಿಲೋಜೂಲ್, ಅದರ ಮೂರು ಪಟ್ಟು, ಅಂದರೆ ಸುಮಾರು 7 ಕಿಲೋಜೂಲ್, ಶಾಖವಾಗುತ್ತದೆ. ಒಂದು ಕಿಲೋ ದೇಹವನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು 3.5 ಕಿಲೋಜೂಲ್ ಸಾಕು. ಆದ್ದರಿಂದ ಮೈಯಿಂದ ಶಾಖ ಒಂದಿಷ್ಟೂ ಹೊರಹೋಗದಿದ್ದರೆ, ಟೇಕಡಿಯ ನೆತ್ತಿ ಸೇರುವ ಹೊತ್ತಿಗೆ ದೇಹದ ಉಷ್ಣತೆ ಎರಡು ಡಿಗ್ರಿ ಏರಿರುತ್ತದೆ, ಸಿಂಹಗಡದ ಏರಿನಲ್ಲಾದರೆ ಐದು ಡಿಗ್ರಿ. ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ದೇಹದ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ: 70 ಕಿಲೋದ ಅಮ್ಮ, 20 ಕಿಲೋದ ಮಗು, 25 ಕಿಲೋದ ನಾಯಿ, ಮೂವರಿಗೂ ಅದೇ ಎರಡು ಡಿಗ್ರಿ. ಗುಡ್ಡ ಎಲ್ಲರಿಗೂ ಸಮನಾಗಿ ಕಾವು ಹಂಚುತ್ತದೆ. ಆ ಕಾವನ್ನು ಹೊರಹಾಕುವ ಬಗೆ ಮಾತ್ರ ಮೂರು ಮೈಗಳಲ್ಲಿ ಮೂರು ತೆರ.

ವಯಸ್ಕರು ಬೆವರಿನಿಂದ ತಣಿಯುತ್ತಾರೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 2.4 ಕಿಲೋಜೂಲ್ ಶಾಖವನ್ನು ಸೆಳೆದುಕೊಳ್ಳುತ್ತದೆ, ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಮಗುವೂ ಬೆವರುತ್ತದೆ, ಆದರೆ ಅದರ ಒಂದೊಂದು ಬೆವರುಗ್ರಂಥಿ ಹೊರಬಿಡುವ ನೀರು ಕಡಿಮೆ. ಅದು ಚರ್ಮಕ್ಕೆ ಹೆಚ್ಚು ರಕ್ತ ಹರಿಸಿ, ಕೆನ್ನೆ ಕೆಂಪಾಗಿಸಿಕೊಂಡು, ಕಾವನ್ನು ನೇರವಾಗಿ ಗಾಳಿಗೆ ದಾಟಿಸುವುದನ್ನೇ ಹೆಚ್ಚು ನೆಚ್ಚುತ್ತದೆ. ಅದಕ್ಕೆ ತಕ್ಕ ಅನುಕೂಲವೂ ಮಗುವಿಗಿದೆ. ವಯಸ್ಕನ ಪ್ರತಿ ಕಿಲೋ ತೂಕಕ್ಕೆ ಸುಮಾರು 260 ಚದರ ಸೆಂಟಿಮೀಟರ್ ಚರ್ಮವಿದ್ದರೆ ಆರು ವರ್ಷದ ಮಗುವಿನಲ್ಲಿ ಅದು 400, ಅಂದರೆ ಒಂದೂವರೆ ಪಟ್ಟು. ಚರ್ಮಕ್ಕಿಂತ ಗಾಳಿ ತಂಪಾಗಿರುವವರೆಗೆ ಈ ಅಗಲವಾದ ಚರ್ಮ ಶಾಖ ಬಿಡುವ ಬಾಗಿಲಾಗಿರುತ್ತದೆ, ಗಾಳಿ ಸುಮಾರು 35 ಡಿಗ್ರಿ ದಾಟಿದೊಡನೆ ಅದೇ ಬಾಗಿಲಿನಿಂದ ಶಾಖ ಒಳನುಗ್ಗುತ್ತದೆ. ಮಕ್ಕಳ ಮೈ ಸೆಖೆಯನ್ನು ತಾಳುವುದರಲ್ಲಿ ಹುಟ್ಟಿನಿಂದಲೇ ದುರ್ಬಲವೆಂಬ ನಂಬಿಕೆ ವೈದ್ಯವಲಯದಲ್ಲಿ ಬಹುಕಾಲ ಇತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಅದನ್ನು ತಿದ್ದಿ, ಸಾಕಷ್ಟು ನೀರು ಕುಡಿದ ಆರೋಗ್ಯವಂತ ಮಗು ವಯಸ್ಕರಂತೆಯೇ ಸೆಖೆಯನ್ನು ನಿಭಾಯಿಸಬಲ್ಲದೆಂದೂ, ಕೆಡುಕಿನ ಮೂಲ ಹೆಚ್ಚಾಗಿ ನೀರಿನ ಕೊರತೆ, ವಿಪರೀತ ಶ್ರಮ ಮತ್ತು ವಿಶ್ರಾಂತಿಯ ಅಭಾವದಲ್ಲಿರುವುದೆಂದೂ ಹೇಳಿತು. ಅಂದರೆ ತಪ್ಪು ಮಗುವಿನ ಮೈಯದಲ್ಲ, ಹೊತ್ತು ಮೀರಿ ಕರೆದೊಯ್ದವರದು.

ನಾಯಿಯ ಮಾತೇ ಬೇರೆ. ಮನುಷ್ಯರಂತೆ ಮೈಯೆಲ್ಲ ಬೆವರಿ ತಣಿಯುವ ಗ್ರಂಥಿಗಳು ಅದಕ್ಕಿಲ್ಲ, ಅಂಥವು ಇರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅವುಗಳಿಂದ ಮೈ ತಣಿಯುವುದು ಅಷ್ಟಕ್ಕಷ್ಟೆ. ಆದ್ದರಿಂದ ನಾಯಿ ತನ್ನ ಬಿಸಿಯನ್ನೆಲ್ಲ ಮೂಗು, ಬಾಯಿ ಮತ್ತು ನಾಲಗೆಯ ತೇವದ ಮೂಲಕವೇ ಕಳೆದುಕೊಳ್ಳಬೇಕು. ನಾಲಗೆ ಚಾಚಿ ತೇಕುವ ನಾಯಿಯನ್ನು ಹತ್ತಿರದಿಂದ ನೋಡಿದರೆ ಅದರ ಉಸಿರು ನಿಮಿಷಕ್ಕೆ ಮುನ್ನೂರರ ಸುತ್ತಮುತ್ತ ಓಡುತ್ತಿರುವುದು ತಿಳಿಯುತ್ತದೆ. ಇಷ್ಟು ವೇಗವಾಗಿ ಪಕ್ಕೆಗಳನ್ನು ಆಡಿಸಿದರೆ ಆ ಶ್ರಮವೇ ಹೊಸ ಕಾವನ್ನು ಹುಟ್ಟಿಸಬೇಕಲ್ಲವೇ ಎಂಬ ಪ್ರಶ್ನೆಗೆ ಯೂಜೀನ್ ಕ್ರಾಫರ್ಡ್ ಎಂಬ ವಿಜ್ಞಾನಿ 1962ರಲ್ಲಿ ಉತ್ತರ ಕೊಟ್ಟರು: ಉಯ್ಯಾಲೆಗೆ ತನ್ನದೇ ಆದ ತೂಗಿನ ಲಯವಿರುವಂತೆ ನಾಯಿಯ ಎದೆಗೂಡಿಗೂ ಒಂದು ಸಹಜ ಕಂಪನದ ಲಯವಿದ್ದು, ನಾಯಿ ಸರಿಯಾಗಿ ಅದೇ ಲಯದಲ್ಲಿ ತೇಕುವುದರಿಂದ, ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ಬೆರಳಿನಿಂದ ನೂಕಿದರೂ ಅದು ತೂಗುತ್ತಲೇ ಇರುವ ಹಾಗೆ, ಅಲ್ಪ ಶ್ರಮದಲ್ಲಿ ಅಪಾರ ಗಾಳಿ ಆಡುತ್ತದೆ. ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಸಂಗಡಿಗರು 1970ರಲ್ಲಿ ಇನ್ನೊಂದು ಜಾಣ್ಮೆಯನ್ನು ತೋರಿಸಿಕೊಟ್ಟರು: ತೇಕುವ ನಾಯಿ ಗಾಳಿಯನ್ನು ಬಹುಪಾಲು ಮೂಗಿನಿಂದ ಒಳಗೆಳೆದು ಬಾಯಿಯಿಂದ ಹೊರಬಿಡುತ್ತದೆ, ಹೀಗಾಗಿ ಮೂಗಿನ ತೇವದಿಂದ ಆವಿ ಹೊತ್ತ ಬಿಸಿಗಾಳಿ ಬಂದ ದಾರಿಯಲ್ಲೇ ಮರಳಿ ತನ್ನ ಶಾಖವನ್ನು ಅಲ್ಲಿಯೇ ಬಿಟ್ಟುಹೋಗುವುದು ತಪ್ಪುತ್ತದೆ.

ಜಾಣ್ಮೆಯ ಈ ಏರ್ಪಾಟಿಗೆ ಮಿತಿಯೂ ಇದೆ. 25 ಕಿಲೋದ ನಾಯಿ ವೇತಾಳ ಟೇಕಡಿಯ ಏರಿನ ಕಾವನ್ನಷ್ಟೇ ಕಳೆಯಲು ಸುಮಾರು 70 ಮಿಲಿಲೀಟರ್ ನೀರನ್ನು ನಾಲಗೆ-ಮೂಗುಗಳಿಂದ ಆವಿಯಾಗಿಸಬೇಕು. ಓಡಾಟ, ಬಿಸಿಲು ಮತ್ತು ನೆಲದಿಂದೇಳುವ ಶಾಖಕ್ಕೆ ಬೇಕಾದದ್ದು ಇದರ ಮೇಲಿನ ಮಾತು. ನಾಯಿಯ ಸಹಜ ಉಷ್ಣತೆಯೇ 38ರಿಂದ 39 ಡಿಗ್ರಿಯ ನಡುವೆ ಇರುವುದರಿಂದ, ಎರಡು ಡಿಗ್ರಿ ಏರಿದರೆ ಅದು ಅಪಾಯದ ಗಡಿಯಾದ 41ಕ್ಕೆ ಹತ್ತಿರವಾಗುತ್ತದೆ. ಮೇಲಾಗಿ ನಾಯಿ ದಣಿದೆನೆಂದು ಕೂತು ಅಳುವುದಿಲ್ಲ. ಮನೆಯವರು ಮುಂದೆ ಹೋದರೆ ಅದೂ ಹಿಂದೆ ಬರುತ್ತದೆ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ‘ವೆಟ್‌ಕಂಪಾಸ್’ ಯೋಜನೆಯ ಕಡತಗಳನ್ನು ಪರಿಶೀಲಿಸಿದವರಿಗೆ ಕಂಡದ್ದೂ ಇದೇ: ಕಾರಣ ಗೊತ್ತಿದ್ದ ನಾಯಿಗಳ ಶಾಖಾಘಾತದ ಪ್ರಕರಣಗಳಲ್ಲಿ ನಾಲ್ಕರಲ್ಲಿ ಮೂರರಷ್ಟಕ್ಕೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಕಾರಣವಾಗಿರಲಿಲ್ಲ, ನಡಿಗೆ, ಓಟ, ಆಟಗಳ ಶ್ರಮ ಕಾರಣವಾಗಿತ್ತು. ಬ್ರಿಟನ್ನಿನಂಥ ತಂಪುನಾಡಿನ ಲೆಕ್ಕವೇ ಹೀಗಿರುವಾಗ ಪುಣೆಯ ಏಪ್ರಿಲ್ ತಿಂಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಲಗೆ ಚಮಚದಂತೆ ಅಗಲವಾಗಿ ಜೋತು, ವಸಡು ಕಡುಗೆಂಪಾಗಿ, ಹೆಜ್ಜೆ ತೂರಾಡತೊಡಗಿದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲಿಯೇ ನೆರಳಿನಲ್ಲಿ ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು ಎಂಬುದು ಪಶುವೈದ್ಯರು ಒತ್ತಿ ಹೇಳುವ ಕ್ರಮ.

ನಾಯಿಯ ಮೂತಿಯ ಉದ್ದವೇ ಅದರ ತಣಿಸುವ ಯಂತ್ರದ ಉದ್ದವಾದ್ದರಿಂದ ತಳಿಯ ಆಯ್ಕೆ ಇಲ್ಲಿ ಅಂದಚೆಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ, ಮಹಾರಾಷ್ಟ್ರದಲ್ಲಿ ಕಾರವಾನಿ ಎನಿಸಿಕೊಳ್ಳುವ ಬೇಟೆನಾಯಿ ಈ ಶಿಲಾಸೀಮೆಯ ಬಿಸಿಲಿಗೇ ಒಗ್ಗಿ ಬೆಳೆದ ತಳಿ; ನೀಳವಾದ ಮೂತಿ, ಮೈಗೆ ಅಂಟಿದ ಗಿಡ್ಡ ಕೂದಲು, ಕೊಬ್ಬಿಲ್ಲದ ತೆಳು ಮೈ, ಆಳವಾದ ಎದೆ ಎಲ್ಲವೂ ಕಾವು ಕಳೆಯಲು ಅನುಕೂಲವಾದವು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ದೇಶೀ ನಾಯಿಗಳ ಅಂಚೆಚೀಟಿಗಳನ್ನು ತಂದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. ಆದರೆ ನಮ್ಮ ನಗರಗಳ ಮನಸ್ಸನ್ನು ಗೆದ್ದದ್ದು, 2000ದ ದಶಕದ ಆರಂಭದ ಮೊಬೈಲ್ ಜಾಹೀರಾತೊಂದರಲ್ಲಿ ಹುಡುಗನೊಬ್ಬನನ್ನು ಹೋದಲ್ಲೆಲ್ಲ ಹಿಂಬಾಲಿಸಿದ ಚಪ್ಪಟೆ ಮೂತಿಯ ಪಗ್. ಮೂಗಿನ ಹಾದಿ ಮೊಟಕಾಗಿ, ಅಂಗುಳ ಗಂಟಲಿಗೆ ಅಡ್ಡಬರುವ ಆ ತಳಿ ಬೆಟ್ಟದ ಹಾದಿಯಲ್ಲಿ ಹುಡುಗನನ್ನು ಹಿಂಬಾಲಿಸಲು ಎಲ್ಲಕ್ಕಿಂತ ಕಡಿಮೆ ಯೋಗ್ಯವಾದದ್ದು ಎಂಬುದನ್ನು ಜಾಹೀರಾತು ಹೇಳಲಿಲ್ಲ. ಬೀದಿಯಿಂದ ತಂದು ಸಾಕಿದ ನಾಡನಾಯಿ ಎಷ್ಟೋ ವಾಸಿ.

ಮೂರು ಮೈಗಳು ಉಸಿರಾಡುವ ಗಾಳಿಯೂ ಒಂದೇ ಅಲ್ಲ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಯ ಶಿವಾಜಿನಗರಕ್ಕೆ ಬಂದದ್ದರಿಂದ ಆ ಕಟ್ಟಡದ ಬಳಿಯ ಕೂಡುರಸ್ತೆಗೆ ಇಂದಿಗೂ ‘ಸಿಮ್ಲಾ ಆಫೀಸ್ ಚೌಕ’ ಎಂದೇ ಹೆಸರು. ಹವಾಮಾನ ಇಲಾಖೆಗಳು ಊರಿನ ಉಷ್ಣತೆಯೆಂದು ಹೇಳುವುದು ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ ಅಳೆದ ಅಂಕಿಯನ್ನು. ಅದು ವಯಸ್ಕರ ಮೂಗಿನ ಮಟ್ಟದ ಗಾಳಿ. ಮಗುವಿನ ಮುಖ ಒಂದು ಮೀಟರ್ ಎತ್ತರದಲ್ಲಿ, ನಾಯಿಯ ಹೊಟ್ಟೆ ಮೂವತ್ತು-ನಲವತ್ತು ಸೆಂಟಿಮೀಟರ್ ಎತ್ತರದಲ್ಲಿ ಇರುತ್ತವೆ. ಟೇಕಡಿಯ ಕಪ್ಪು ಲಾವಾಶಿಲೆಯಾದ ಬಸಾಲ್ಟ್ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುವುದರಿಂದ, ಪೆಟ್ಟಿಗೆಯೊಳಗಿನ ಪಾದರಸ 38 ತೋರಿಸುವ ಬೇಸಗೆಯ ಮಧ್ಯಾಹ್ನ ಬಂಡೆಯ ಮೈ 50 ಡಿಗ್ರಿಯನ್ನು ದಾಟುತ್ತದೆ, ನೆಲಕ್ಕೆ ಹತ್ತಿರವಾದಷ್ಟೂ ಗಾಳಿ ಬಿಸಿಯಾಗುತ್ತದೆ. ಬೂಟು ಹಾಕಿದವರಿಗೆ ಇದು ಅರಿವಿಗೆ ಬರುವುದಿಲ್ಲ. ಅಂಗೈಯ ಹಿಂಬದಿಯನ್ನು ಬಂಡೆಯ ಮೇಲಿಟ್ಟು ಏಳು ಎಣಿಸಲಾಗದಿದ್ದರೆ ಆ ನೆಲ ನಾಯಿಯ ಪಾದಕ್ಕಲ್ಲ ಎಂಬುದು ಸರಳ ಪರೀಕ್ಷೆ. ರಾತ್ರಿಯೆಲ್ಲ ಶಾಖ ಬಿಟ್ಟ ಬಂಡೆ ಅತಿ ತಂಪಾಗಿರುವುದು ಸೂರ್ಯೋದಯದ ಸುಮಾರಿಗೆ. ಏಪ್ರಿಲಿನಲ್ಲೂ ಆ ಹೊತ್ತಿಗೆ ಹೊರಟು ಎಂಟೂವರೆಯೊಳಗೆ ಇಳಿದರೆ ಮೂವರಿಗೂ ಕ್ಷೇಮ.

ಇಷ್ಟು ಬೇಗ ಎಬ್ಬಿಸಿ ಕರೆದೊಯ್ದರೆ ಮಗುವಿಗೆ ಬಿಸಿಲಿನ ಪ್ರಯೋಜನ ತಪ್ಪೀತೆಂಬ ಆತಂಕ ಬೇಡ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಬಿಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ವರ್ಷಗಳ ಕೊನೆಗೆ ಹೊಸದಾಗಿ ಸಮೀಪದೃಷ್ಟಿ ದೋಷ ಬಂದವರ ಪ್ರಮಾಣ ಹೋಲಿಕೆಗೆ ಇಟ್ಟುಕೊಂಡ ಶಾಲೆಗಳಲ್ಲಿ ಶೇಕಡ 39.5 ಇದ್ದರೆ ಈ ಶಾಲೆಗಳಲ್ಲಿ ಶೇಕಡ 30.4 ಮಾತ್ರ ಇತ್ತು. ಪ್ರಖರ ಬೆಳಕು ಕಣ್ಣಿನ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸಿ, ಕಣ್ಣುಗುಡ್ಡೆ ಮಿತಿಮೀರಿ ಉದ್ದವಾಗುವುದನ್ನು ತಡೆಯುತ್ತದೆಂಬುದು ಇದಕ್ಕೆ ಕೊಡುವ ವಿವರಣೆ. ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಮಾತ್ರವಿದ್ದರೆ ಹೊತ್ತು ಮೂಡಿ ತುಸು ಮೇಲೇರಿದ ಬಯಲಿನಲ್ಲಿ ಅದು ಸಾವಿರಗಳಲ್ಲಿರುತ್ತದೆ. ಕಣ್ಣಿಗೆ ಬೇಕಾದದ್ದು ಬೆಳಕು, ಉರಿಬಿಸಿಲಲ್ಲ.

ಮಳೆಗಾಲದ ತೊಂದರೆಗಳು ಬೇರೆ ಬಗೆಯವು. ಪುಣೆ ಸಹ್ಯಾದ್ರಿಯ ಮಳೆನೆರಳಿನಲ್ಲಿರುವುದರಿಂದ ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್, ಅದೇ ಅರವತ್ತು ಕಿಲೋಮೀಟರ್ ಪಶ್ಚಿಮದ ಲೋಣಾವಳದಲ್ಲಿ 4000ಕ್ಕೂ ಹೆಚ್ಚು. ಗಾಳಿ ತಂಪಾಗಿದ್ದರೂ ತೇವದಿಂದ ತುಂಬಿರುವಾಗ ಬೆವರೂ ನಾಲಗೆಯ ನೀರೂ ಸುಲಭವಾಗಿ ಆವಿಯಾಗುವುದಿಲ್ಲ, ಆದ್ದರಿಂದ 28 ಡಿಗ್ರಿಯ ಜುಲೈ ದಿನ ನಾಯಿಗೆ ನಾವು ಭಾವಿಸಿದಷ್ಟು ಹಗುರವಲ್ಲ. ಪಾಚಿಗಟ್ಟಿದ ಬಂಡೆ ಜಾರುತ್ತದೆ. ಬಸಾಲ್ಟ್ ಶಿಥಿಲವಾಗಿ ಆದ ಎರೆಮಣ್ಣು, ಉತ್ತರ ಕರ್ನಾಟಕದವರಿಗೆ ಚಿರಪರಿಚಿತವಾದ ಅದೇ ಎರೆ, ನೀರು ಕುಡಿದು ಉಬ್ಬುವ ಜೇಡಿಯಿಂದ ತುಂಬಿರುವುದರಿಂದ ಬೂಟಿನ ಅಡಿಗೂ ನಾಯಿಯ ಬೆರಳಸಂದಿಗೂ ಮುದ್ದೆಯಾಗಿ ಮೆತ್ತಿಕೊಳ್ಳುತ್ತದೆ. ನಿಂತ ನೀರನ್ನು ನಾಯಿ ಕುಡಿಯದಂತೆ, ಮಗು ಗಾಯದ ಕಾಲಿನಲ್ಲಿ ತುಳಿಯದಂತೆ ನೋಡಿಕೊಳ್ಳುವುದು ಇಲಿಜ್ವರದ ದೃಷ್ಟಿಯಿಂದ ಅಗತ್ಯ.

ಕಲ್ಲು ಎತ್ತಿ ಅಡಿಯಲ್ಲಿ ಏನಿದೆಯೆಂದು ನೋಡುವುದು ಎಲ್ಲ ಮಕ್ಕಳ ಗುಣ, ಮಹಾರಾಷ್ಟ್ರದ ಒಣ ಕಲ್ಲುಗುಡ್ಡಗಳಲ್ಲಿ ಆ ಅಡಿಯಲ್ಲಿ ಗರಗಸ ಮಂಡಲ ಇರಬಹುದು. ಮರಾಠಿಯಲ್ಲಿ ‘ಫುರಸೆ’ ಎನಿಸಿಕೊಳ್ಳುವ ಈ ಪುಟ್ಟ ಹಾವು, ದೇಶದಲ್ಲಿ ಅತಿ ಹೆಚ್ಚು ಸಾವು ತರುವ ನಾಲ್ಕು ವಿಷಹಾವುಗಳಲ್ಲೊಂದು. ಕೈಯಿಂದ ಎತ್ತುವ ಬದಲು ಕೋಲಿನಿಂದ ಹೊರಳಿಸಲು ಕಲಿಸಿದರೆ ಕುತೂಹಲಕ್ಕೂ ಭಂಗವಿಲ್ಲ. ಹುಲ್ಲಿನಿಂದ ನಾಯಿಗೆ ಹತ್ತುವ ಉಣ್ಣೆಗಳ ವಿಷಯದಲ್ಲಿ ಪುಣೆಗೂ ಮಲೆನಾಡಿಗೂ ಹಳೆಯ ನಂಟಿದೆ: ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಜನರೂ ಜ್ವರಕ್ಕೆ ಬಿದ್ದಾಗ, ಅದು ಉಣ್ಣೆಗಳಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ನಗರದ ನಾಯಿಗಳನ್ನು ಕಾಡುವುದು ಕಂದು ಉಣ್ಣೆ ತರುವ ಎರ್ಲಿಕಿಯೋಸಿಸ್ ಎಂಬ ಬೇರೆಯೇ ಜ್ವರ.

ಗುಡ್ಡದಿಂದ ನಾಯಿಗೆ ಬರುವ ಅಪಾಯವನ್ನು ಎಲ್ಲರೂ ಎಣಿಸುತ್ತಾರೆ, ನಾಯಿಯಿಂದ ಗುಡ್ಡಕ್ಕೆ ಬರುವುದನ್ನು ಎಣಿಸುವವರು ಕಡಿಮೆ. ಗೌಜುಗದಂಥ ಹಕ್ಕಿಗಳು ನೆಲದ ಹುಲ್ಲಿನಲ್ಲೇ ಮೊಟ್ಟೆಯಿಡುವುದರಿಂದ, ಹಗ್ಗ ಬಿಚ್ಚಿದ ನಾಯಿಯ ಒಂದು ಸುತ್ತಾಟ ಗೂಡನ್ನು ಬರಿದಾಗಿಸಬಲ್ಲದು. 2018ರಲ್ಲಿ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಸತ್ತ ಸಿಂಹಗಳಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಇರುವುದನ್ನು ಪತ್ತೆಮಾಡಿದ್ದೂ ಪುಣೆಯ ಇದೇ ವೈರಾಣು ಸಂಸ್ಥೆ. ಪುಣೆಯ ಪೂರ್ವದ ಹುಲ್ಲುಗಾವಲುಗಳಲ್ಲಿ ಇಂದಿಗೂ ತೋಳಗಳಿವೆ. ಬೆಂಗಳೂರಿನ ಎಟ್ರೀ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳ ವಿಜ್ಞಾನಿಗಳು ಪಾಲ್ಗೊಂಡು 2023ರಲ್ಲಿ ಪ್ರಕಟಿಸಿದ ತಳಿವಿಜ್ಞಾನದ ಅಧ್ಯಯನ, ಪುಣೆಯ ಬಳಿ ತೋಳ ಮತ್ತು ನಾಯಿ ಬೆರೆತು ಹುಟ್ಟಿದ ಪ್ರಾಣಿಗಳು ಇರುವುದನ್ನು ಖಚಿತಪಡಿಸಿತು. ಲಸಿಕೆ ಮತ್ತು ಹಗ್ಗ, ಇವೆರಡನ್ನೂ ನಾಯಿಯ ರಕ್ಷಣೆಗೆಂದು ಭಾವಿಸುವ ರೂಢಿಯಿದೆ; ಕಾಡಿಗೂ ಅವು ಅಷ್ಟೇ ಬೇಕು. ಹಗ್ಗದ ಕಾರಣಗಳಲ್ಲಿ ಟೇಕಡಿಯ ಬೀಡಾಡಿ ನಾಯಿಗಳ ಗುಂಪೂ ಒಂದು. ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿದ ಜಾಗವನ್ನು ಸೋಪು-ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗುವುದರಲ್ಲಿ ತಡಮಾಡುವಂತಿಲ್ಲ.

ಚಾರಣಕ್ಕೆ ಎಲ್ಲಕ್ಕಿಂತ ಒಳ್ಳೆಯ ಕಾಲವಾದ ನವೆಂಬರ್-ಡಿಸೆಂಬರಿನಲ್ಲಿ ಇನ್ನೊಂದು ಕಾಟವಿದೆ, ಅದು ಹುಲ್ಲಿನದು. ಮಳೆಗಾಲದಲ್ಲಿ ಹಸುರಾಗಿ ಬೆಳೆದ, ಮರಾಠಿಯಲ್ಲಿ ‘ಕುಸಳಿ’ ಎನಿಸಿಕೊಳ್ಳುವ ಹುಲ್ಲು ಆಗ ಒಣಗಿ ನಿಂತು ತಾಗಿದವರಿಗೆಲ್ಲ ತನ್ನ ಬೀಜಗಳನ್ನು ಚುಚ್ಚಿ ಕಳಿಸುತ್ತದೆ. ಬೀಜದ ತುದಿ ಸೂಜಿಯಂತೆ ಚೂಪು, ಅದರ ಸುತ್ತ ಹಿಂದಕ್ಕೆ ಬಾಗಿದ ಒರಟು ರೋಮಗಳು, ಬಾಲದ ಕಡೆ ಹಗ್ಗದಂತೆ ಹೊಸೆದುಕೊಂಡ ಉದ್ದನೆಯ ಕಂದು ಎಸಳು. ಮಗುವಿನ ಕಾಲುಚೀಲದಲ್ಲಿ ಇವು ಕಿರಿಕಿರಿಯಷ್ಟೇ, ಆದರೆ ನಾಯಿಯ ಕಿವಿಯೊಳಗೆ ಅಥವಾ ಬೆರಳುಗಳ ನಡುವೆ ಸೇರಿದ ಬೀಜ ರೋಮಗಳ ದೆಸೆಯಿಂದ ಹಿಂದೆ ಸರಿಯಲಾರದೆ, ಪ್ರತಿ ಅಲುಗಾಟಕ್ಕೂ ಮುಂದೆಯೇ ಸರಿದು, ಚರ್ಮವನ್ನು ತೂರಿ ಕೀವುಗಟ್ಟಿಸುತ್ತದೆ. ಆದ್ದರಿಂದ ಮನೆಗೆ ಮರಳಿದ ಕೂಡಲೇ ನಾಯಿಯನ್ನು ಬಾಗಿಲ ಹೊರಗೇ ನಿಲ್ಲಿಸಿ, ಕಿವಿ, ಕಂಕುಳು, ಬೆರಳಸಂದಿಗಳನ್ನು ಬೆರಳಾಡಿಸಿ ನೋಡಿ, ಮೈಯನ್ನು ಬಾಚಬೇಕು.

ಬಾಚಣಿಗೆಗೆ ಸಿಕ್ಕ ಒಂದು ಬೀಜವನ್ನು ಎಸೆಯದೆ ಮಗುವಿನ ಅಂಗೈಯಲ್ಲಿಟ್ಟು ಎಸಳಿನ ಮೇಲೆ ಒಂದು ಹನಿ ನೀರು ಹಾಕಬಹುದು. ಚಾರ್ಲ್ಸ್ ಡಾರ್ವಿನ್ನನ ಮಗ ಫ್ರಾನ್ಸಿಸ್ ಡಾರ್ವಿನ್ 1876ರಲ್ಲಿ ಇಂಥ ಹುಲ್ಲುಬೀಜಗಳನ್ನು ಅಭ್ಯಸಿಸಿ ವಿವರಿಸಿದಂತೆ, ಒಣಗುವಾಗ ಹೊಸೆದುಕೊಂಡ ಎಸಳು ತೇವ ತಾಗಿದಾಗ ಹೊಸೆ ಬಿಚ್ಚಿಕೊಳ್ಳುತ್ತದೆ. ಹಗಲಿನ ಒಣಹವೆಗೂ ಇರುಳಿನ ಇಬ್ಬನಿಗೂ ಹೀಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತ ಬೀಜವನ್ನು ನೆಲಕ್ಕೆ ಕೊರೆದು ಇಳಿಸುವುದು ಅದರ ಕೆಲಸ. ನೀರು ಬಿದ್ದು ಒಂದೆರಡು ಗಳಿಗೆ ಏನೂ ಆಗದು. ಆಮೇಲೆ ಎಸಳಿನ ಬಾಗಿದ ತುದಿ ಮೆಲ್ಲಗೆ ಮೇಲೆದ್ದು, ಗಡಿಯಾರದ ಮುಳ್ಳಿನಂತೆ ಅಂಗೈಯ ಮೇಲೆ ಸುತ್ತತೊಡಗುತ್ತದೆ.